ಬೀಗ ಒಡೆದ ಮನೆಯನ್ನು ಮತ್ತೆ ಭದ್ರ ಮಾಡಿಕೊಳ್ಳುವುದು ಹೇಗೆ?

(ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ಸಭೆಗಳಲ್ಲಿ ಸಾಮಾನ್ಯವಾಗಿ ಆರೋಗ್ಯ, ಅಡುಗೆ, ಮಕ್ಕಳ ಓದು ಇಂಥ ವಿಷಯಗಳ ಬಗ್ಗೆ ಮಾತು ನಡೆಯುತ್ತದೆ. ನಾನು ಓದಿದ್ದು ಎಂ.ಟೆಕ್., ಕೆಲಸ ಸೆಕ್ಟರ್ ಫೈವ್‌ನಲ್ಲಿ ಸಾಫ್ಟ್‌ವೇರ್. ಹಾಗಾಗಿ ಸೈಬರ್ ಭದ್ರತೆ ಬಗ್ಗೆ ಮಾತಾಡಿ ಎಂದು ಮೊದಲು ಕೇಳಿದ್ದರು. ಆದರೆ ಕಳೆದ ಪೂಜೆ ರಜೆಯ ನಂತರ ನಮ್ಮಲ್ಲಿ ಎಲ್ಲರ ಬಾಯಲ್ಲೂ ಇರುವುದು ಬೇರೆಯದೇ ಕಳ್ಳತನ. ಅದರ ಬಗ್ಗೆಯೇ ಮಾತಾಡೋಣ ಅನ್ನಿಸಿತು.

ನಮ್ಮ ಕಟ್ಟಡದಲ್ಲೇ ಇರುವ ಒಂದು ಕನ್ನಡ ಕುಟುಂಬ ಹುಬ್ಬಳ್ಳಿಗೆ ಹೋಗಿತ್ತು. ಅಷ್ಟಮಿಯ ಬೆಳಿಗ್ಗೆ ಅವರ ಬಾಗಿಲು ಅರ್ಧ ತೆರೆದಿತ್ತು. ಹೊರಗಿನ ಬೀಗ ಸರಿಯಾಗಿಯೇ ಇತ್ತು, ಆದರೆ ಕೊಂಡಿಯೇ ಮರದಿಂದ ಕಿತ್ತು ಬಂದಿತ್ತು. ಹೋದದ್ದು ಸ್ವಲ್ಪ ನಗದು, ಒಂದು ಲ್ಯಾಪ್‌ಟಾಪ್, ಹಳೆಯ ಫೋನ್ ಮತ್ತು ಅತ್ತೆಯಿಂದ ಬಂದಿದ್ದ ಎರಡೆಳೆ ಅವಲಕ್ಕಿ ಸರ. ಆ ಮನೆಯೊಡತಿಯ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇನೆ. ಊರಲ್ಲಿ ಇದ್ದವರು ನಾವು, ಹಾಗಾಗಿ ಮೊದಲ ಎರಡು ದಿನದ ಓಡಾಟ ನಮ್ಮ ಪಾಲಿಗೆ ಬಂತು. ಆಗ ತಿಳಿದುಕೊಂಡದ್ದನ್ನು ಕ್ರಮವಾಗಿ ಹೇಳುತ್ತೇನೆ.

ನಮ್ಮ ಕೆಲಸದಲ್ಲಿ ಸರ್ವರ್‌ಗೆ ಯಾರಾದರೂ ನುಗ್ಗಿದರೆ ಒಂದು ಕ್ರಮ ಇದೆ. ಮೊದಲು ಹಾನಿ ಹೆಚ್ಚಾಗದಂತೆ ತಡೆಯಬೇಕು, ಸಾಕ್ಷ್ಯ ಉಳಿಸಬೇಕು, ಯಾವ ದಾರಿಯಿಂದ ಬಂದರು ಎಂದು ನೋಡಬೇಕು, ಆಮೇಲೆ ರಿಪೇರಿ. ಮನೆಗೂ ಇದೇ ಕ್ರಮ. ಆದರೆ ಮನೆಯಲ್ಲಿ ನಮ್ಮ ಕೈ ಮೊದಲು ಹೋಗುವುದು ಪೊರಕೆಗೆ. ಬಟ್ಟೆ ಎಲ್ಲ ಚೆಲ್ಲಾಪಿಲ್ಲಿ, ಅದರ ಮೇಲೆ ಯಾರದೋ ಚಪ್ಪಲಿ ಗುರುತು, ನೋಡಲಾಗದೆ ಗುಡಿಸಿ ಒರೆಸಿಬಿಡುತ್ತೇವೆ. ದಯವಿಟ್ಟು ಅದನ್ನು ಮಾಡಬೇಡಿ.

ಮೊದಲ ಒಂದು ಗಂಟೆ

ಬಾಗಿಲು ಒಡೆದಿರುವುದು ಕಂಡರೆ ಒಬ್ಬರೇ ಒಳಗೆ ಹೋಗಬೇಡಿ. ಒಳಗೆ ಯಾರಾದರೂ ಇನ್ನೂ ಇರಬಹುದು. ಹೊರಗೆ ನಿಂತು 100 ಅಥವಾ 112ಕ್ಕೆ ಫೋನ್ ಮಾಡಿ. ಬಂಗಾಳಿ ಬಾರದಿದ್ದರೂ ಎರಡು ವಾಕ್ಯ ಬಾಯಿಪಾಠ ಇರಲಿ: "ಆಮಾದೇರ್ ಬಾಡಿತೆ ಚುರಿ ಹೋಯೇಛೆ", "ತಾಲಾ ಭೇಂಗೆ ಢುಕೇಛೆ". ನಮ್ಮ ಮನೆಯಲ್ಲಿ ಕಳ್ಳತನ ಆಗಿದೆ, ಬೀಗ ಒಡೆದು ನುಗ್ಗಿದ್ದಾರೆ ಎಂದು ಅರ್ಥ. ಪಾಡಾದ ಜನ ಸೇರಲು ಇಷ್ಟು ಸಾಕು.

ಪೊಲೀಸರು ಬರುವ ತನಕ ಕಪಾಟಿನ ಹಿಡಿ, ಗಾಜು, ಡ್ರಾಯರ್ ಮುಟ್ಟಬೇಡಿ. ಬೆರಳಚ್ಚು ಸಿಗುವುದು ಇಂಥ ನುಣುಪು ಜಾಗಗಳಲ್ಲೇ. ಪ್ರಪಂಚದ ಮೊದಲ ಬೆರಳಚ್ಚು ಬ್ಯೂರೋ ಶುರುವಾದದ್ದು ನಾವಿರುವ ಈ ಊರಿನಲ್ಲಿ, 1897ರಲ್ಲಿ. ಲಂಡನ್ನಿನ ಸ್ಕಾಟ್‌ಲೆಂಡ್ ಯಾರ್ಡ್‌ನಲ್ಲಿ ಬಂದದ್ದು ಆಮೇಲೆ, 1901ರಲ್ಲಿ. ಬೆರಳಚ್ಚುಗಳನ್ನು ವಿಂಗಡಿಸುವ ಪದ್ಧತಿಗೆ ಎಡ್ವರ್ಡ್ ಹೆನ್ರಿ ಅವರ ಹೆಸರಿದೆ, ಆದರೆ ಅದರ ಲೆಕ್ಕಾಚಾರದ ಹಿಂದೆ ಇದ್ದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯ ಅಧಿಕಾರಿಗಳು.

ಮುಟ್ಟದೆ ಫೋಟೋ ತೆಗೆಯಬಹುದು. ಬಾಗಿಲು ದೂರದಿಂದ ಒಂದು, ಹತ್ತಿರದಿಂದ ಒಂದು. ಪ್ರತಿ ಕೋಣೆಗೂ ಹೀಗೇ. ಕಟ್ಟಡದಲ್ಲಿ ಸಿಸಿ ಕ್ಯಾಮೆರಾ ಇದ್ದರೆ ಅದೇ ದಿನ ದೃಶ್ಯವನ್ನು ಬೇರೆಡೆಗೆ ಕಾಪಿ ಮಾಡಿಸಿ. ಡಿವಿಆರ್‌ನ ಡಿಸ್ಕ್ ತುಂಬಿದರೆ ಹಳೆಯದರ ಮೇಲೆ ಹೊಸದು ಬರೆದುಕೊಂಡು ಹೋಗುತ್ತದೆ, ಯಾರನ್ನೂ ಕೇಳುವುದಿಲ್ಲ. ಡಿವಿಆರ್ ಗಡಿಯಾರ ನಿಜವಾದ ಸಮಯಕ್ಕಿಂತ ಎಷ್ಟು ಹಿಂದೆ ಮುಂದೆ ಇದೆ ಎಂಬುದನ್ನೂ ಬರೆದಿಡಿ. ನ್ಯಾಯಾಲಯದಲ್ಲಿ ಇಂಥ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ. ಆದ್ದರಿಂದ ಯಾರು, ಯಾವಾಗ ಕಾಪಿ ಮಾಡಿದರು ಎಂಬುದು ಗೊತ್ತಿರಬೇಕು.

ಠಾಣೆಯಲ್ಲಿ

ಸಾಲ್ಟ್ ಲೇಕ್, ನ್ಯೂ ಟೌನ್ ಕಡೆಯವರು ಬಿಧಾನನಗರ ಪೊಲೀಸ್ ಕಮಿಷನರೇಟಿಗೆ ಸೇರುತ್ತಾರೆ. ಲೇಕ್ ಮಾರ್ಕೆಟ್, ರಾಸ್‌ಬಿಹಾರಿ ಕಡೆಯವರು ಕೋಲ್ಕತ್ತ ಪೊಲೀಸರಿಗೆ. ನಿಮ್ಮ ಠಾಣೆ ಯಾವುದು ಎಂದು ಈಗಲೇ ತಿಳಿದುಕೊಳ್ಳಿ. ಗೊತ್ತಾಗದಿದ್ದರೆ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ಅದೇ ಜೀರೋ ಎಫ್‌ಐಆರ್. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲಿ ಇದು ಸ್ಪಷ್ಟವಾಗಿದೆ. ಇ-ಮೇಲ್‌ನಂಥ ಎಲೆಕ್ಟ್ರಾನಿಕ್ ದಾರಿಯಲ್ಲೂ ದೂರು ಕಳಿಸಬಹುದು, ಆದರೆ 3 ದಿನದೊಳಗೆ ಸಹಿ ಹಾಕಬೇಕು. ಊರಿಗೆ ಹೋದಾಗ ಕಳ್ಳತನವಾದರೆ ಇದು ಬಹಳ ಉಪಯೋಗ.

ಇಲ್ಲಿ ಒಂದು ಮಾತು ಗಮನವಿಟ್ಟು ಕೇಳಿ. ಠಾಣೆಯಲ್ಲಿ ಒಮ್ಮೊಮ್ಮೆ "ಜಿಡಿ ಮಾಡಿ ಹೋಗಿ" ಎನ್ನುತ್ತಾರೆ. ಜಿಡಿ ಅಂದರೆ ಜನರಲ್ ಡೈರಿ, ಬರೀ ನಮೂದು. ಬೀಗ ಒಡೆದು ಕದ್ದದ್ದಕ್ಕೆ ಬೇಕಾದದ್ದು ಎಫ್‌ಐಆರ್. ವಾಸದ ಮನೆಯಲ್ಲಿ ಕಳ್ಳತನ ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಮು, 7 ವರ್ಷದ ತನಕ ಶಿಕ್ಷೆ ಇದೆ. ಮನೆ ಒಡೆದು ನುಗ್ಗಿದ್ದಕ್ಕೆ 331ನೇ ಕಲಮು. ಜಗಳ ಬೇಡ, ಸಮಾಧಾನವಾಗಿ ಈ ಎರಡು ಸಂಖ್ಯೆ ಹೇಳಿ. ಎಫ್‌ಐಆರ್ ಪ್ರತಿ ಉಚಿತವಾಗಿ ಸಿಗಬೇಕು. ದಾಖಲಿಸದಿದ್ದರೆ ಮೇಲಧಿಕಾರಿಗೆ ಲಿಖಿತವಾಗಿ ಕಳಿಸಬಹುದು, ಆಮೇಲೆ ಮ್ಯಾಜಿಸ್ಟ್ರೇಟರಲ್ಲಿಗೆ ಹೋಗಬಹುದು. ತನಿಖೆ ಎಲ್ಲಿಗೆ ಬಂತು ಎಂಬುದನ್ನು 90 ದಿನದೊಳಗೆ ನಮಗೆ ತಿಳಿಸಬೇಕು ಎಂದು 193ನೇ ಕಲಮು ಹೇಳುತ್ತದೆ.

ಕಳೆದ ವಸ್ತುಗಳ ಪಟ್ಟಿಯಲ್ಲಿ "ಚಿನ್ನದ ಸರ 1" ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ಎಷ್ಟು ಗ್ರಾಂ, ಎಳೆ ಎಷ್ಟು, ಪದಕ ಹೇಗಿತ್ತು, ಎಲ್ಲಿ ಬೆಸುಗೆ ಹಾಕಿಸಿತ್ತು ಎಲ್ಲ ಬೇಕು. ಅವಲಕ್ಕಿ ಸರ ಎಂದರೆ ಇಲ್ಲಿನ ಅಧಿಕಾರಿಗೆ ಏನು ತಿಳಿಯಬೇಕು? ನಾವು ಅವರ ಮದುವೆ ಆಲ್ಬಂನ ಫೋಟೋ ತೋರಿಸಿದೆವು, ಒಂದೇ ನಿಮಿಷದಲ್ಲಿ ಅರ್ಥವಾಯಿತು. ನಮ್ಮೆಲ್ಲರ ಒಡವೆಗೂ ಇದಕ್ಕಿಂತ ಒಳ್ಳೆಯ ದಾಖಲೆ ಇಲ್ಲ. ಹೊಸ ಒಡವೆಯಲ್ಲಿ ಎಚ್‌ಯುಐಡಿ ಎಂಬ 6 ಅಕ್ಷರ-ಅಂಕಿಗಳ ಹಾಲ್‌ಮಾರ್ಕ್ ಸಂಕೇತ ಇರುತ್ತದೆ. ಭೂತಗನ್ನಡಿ ಹಿಡಿದು ಬರೆದಿಟ್ಟುಕೊಳ್ಳಿ.

ಫೋನ್ ಹೋಗಿದ್ದರೆ ಮೊದಲು ಸಿಮ್ ಬಂದ್ ಮಾಡಿಸಿ, ಆಮೇಲೆ ಸಂಚಾರ್ ಸಾಥಿಯಲ್ಲಿ ಐಎಂಇಐ ಸಂಖ್ಯೆ ಕೊಟ್ಟು ಫೋನನ್ನೇ ನಿರ್ಬಂಧಿಸಿ. ಲ್ಯಾಪ್‌ಟಾಪ್ ಹೋಗಿದ್ದರೆ ಇ-ಮೇಲ್, ಬ್ಯಾಂಕ್ ಪಾಸ್‌ವರ್ಡ್‌ಗಳನ್ನು ಅದೇ ದಿನ ಬದಲಿಸಿ. ಚೆಕ್‌ಬುಕ್ ಎಣಿಸಿ ನೋಡಿ, ಮಧ್ಯದ ಹಾಳೆ ಹರಿದಿರಬಹುದು.

ರಿಪೇರಿ

ಪೊಲೀಸರ ಕೆಲಸ ಮುಗಿದ ಮೇಲೆ ಆ ರಾತ್ರಿಗೆ ತಾತ್ಕಾಲಿಕ ವ್ಯವಸ್ಥೆ ಸಾಕು. ಬೇರೆ ಜಾಗದಲ್ಲಿ ಹೊಸ ಕೊಂಡಿ ಮತ್ತು ಬೀಗ, ಒಡೆದ ಕಿಟಕಿಗೆ ಪ್ಲೈವುಡ್ ಹಲಗೆ. ಕಿತ್ತ ಕೊಂಡಿ, ಮುರಿದ ಬೀಗವನ್ನು ಎಸೆಯಬೇಡಿ. ಪೊಲೀಸರು ಒಯ್ಯದಿದ್ದರೆ ಚೀಲದಲ್ಲಿ ಕಟ್ಟಿಡಿ. ವಿಮೆ ಇದ್ದರೆ ಸರ್ವೇಯರ್ ನೋಡುವುದು ಬಲವಂತವಾಗಿ ನುಗ್ಗಿದ ಗುರುತು ಇದೆಯೇ ಎಂಬುದನ್ನೇ. ವಿಮೆಯ ವಿಷಯದಲ್ಲಿ ಇನ್ನೊಂದು ಮಾತು. 2021ರಲ್ಲಿ ಬಂದ ಭಾರತ್ ಗೃಹ ರಕ್ಷಾ ಪಾಲಿಸಿ ಬೆಂಕಿ, ಪ್ರವಾಹದಂಥವುಗಳಿಗೆ ಒಳ್ಳೆಯದು. ಅಂಥ ಅವಘಡದಿಂದಾಗಿ 7 ದಿನದೊಳಗೆ ನಡೆದ ಕಳ್ಳತನ ಮಾತ್ರ ಅದರಲ್ಲಿ ಸೇರುತ್ತದೆ. ಮಾಮೂಲಿ ಮನೆಗಳ್ಳತನಕ್ಕೆ ಬೇರೆ ಪಾಲಿಸಿ ಬೇಕು. ಮನೆ ಎಷ್ಟು ದಿನ ಖಾಲಿ ಇರಬಹುದು ಎಂಬ ಷರತ್ತನ್ನೂ ಓದಿ, ನಾವು ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಊರಿಗೆ ಹೋಗುವವರು.

ಶಾಶ್ವತ ರಿಪೇರಿಗೆ ಮೊದಲು ಏನು ಸೋತಿತು ಎಂದು ನೋಡಿ. ಬಹಳ ಮನೆಗಳಲ್ಲಿ ಸೋಲುವುದು ಬೀಗವಲ್ಲ, ಬೀಗ ಕೂತ ಮರ. ಕೊಂಡಿಗೆ ಅರ್ಧ ಇಂಚಿನ ಸ್ಕ್ರೂ ಹಾಕಿದ್ದರೆ ಸಾವಿರಾರು ರೂಪಾಯಿಯ ಬೀಗ ಇದ್ದೂ ದಂಡ, ಒಂದು ಕಬ್ಬಿಣದ ಸಲಾಕೆ ಸಾಕು. ಕೊಂಡಿಗೆ ಬಾಗಿಲ ಆಚೆಗೂ ತೂರಿ ಒಳಗಿನಿಂದ ನಟ್ ಬಿಗಿಯುವ ಬೋಲ್ಟ್ ಹಾಕಿಸಿ. ಬೀಗದ ನಾಲಿಗೆ ಕೂರುವ ಕಡೆ, ಚೌಕಟ್ಟಿಗೆ ದಪ್ಪ ಉಕ್ಕಿನ ಪಟ್ಟಿ ಇರಲಿ, ಅದರ ಸ್ಕ್ರೂ 3 ಇಂಚಿನದಾಗಿರಲಿ. ಚೌಕಟ್ಟು ಸೀಳಿದ್ದರೆ ಪುಟ್ಟಿ ತುಂಬಿ ಬಣ್ಣ ಹೊಡೆಸಬೇಡಿ, ಅದು ಕಣ್ಣಿಗೆ ಮಾತ್ರ ರಿಪೇರಿ. ಸೀಳಿದ ಭಾಗ ಕತ್ತರಿಸಿ ಹೊಸ ಮರದ ತುಂಡು ಕೂರಿಸಬೇಕು. ಕಾಠ್ ಮಿಸ್ತ್ರಿಗೆ ಇದನ್ನು ಮೊದಲೇ ಹೇಳಿ. ಮಳೆಗಾಲದಲ್ಲಿ ಇಲ್ಲಿ ಮರ ಉಬ್ಬುತ್ತದೆ, ಬಾಗಿಲು ಬಿಗಿಯಾಯಿತೆಂದು ಆಗ ಜಾಸ್ತಿ ಹೆರೆಸಿದರೆ ಚಳಿಗಾಲದಲ್ಲಿ ಸಲಾಕೆ ತೂರುವಷ್ಟು ಸಂದು ಬೀಳುತ್ತದೆ.

ಕಿಟಕಿಯ ಗ್ರಿಲ್‌ಗೆ ಹೊರಗಿನಿಂದ ಬಿಚ್ಚುವ ಸ್ಕ್ರೂ ಇದ್ದರೆ ತಲೆಗೆ ವೆಲ್ಡಿಂಗ್ ಮಾಡಿಸಿ, ತುಕ್ಕಿಗೆ ರೆಡ್ ಆಕ್ಸೈಡ್ ಹೊಡೆಸಿ. ಒಂದು ಗ್ರಿಲ್ ಮಾತ್ರ ಒಳಗಿನಿಂದ ತೆರೆದು ಬೀಗ ಹಾಕುವಂತಿರಲಿ, ಬೆಂಕಿ ಬಿದ್ದರೆ ಹೊರಗೆ ಹೋಗಲು ದಾರಿ ಬೇಕಲ್ಲ. ಅದರ ಕೀಲಿ ಮನೆಯವರಿಗೆಲ್ಲ ಗೊತ್ತಿರಬೇಕು. ತಾರಸಿಯ ಬಾಗಿಲು, ಸ್ನಾನದ ಮನೆಯ ವೆಂಟಿಲೇಟರ್, ಮಳೆನೀರಿನ ಪೈಪು, ಎಸಿ ಯಂತ್ರದ ಕಬ್ಬಿಣದ ಚೌಕಟ್ಟು ಇವನ್ನೂ ಒಮ್ಮೆ ಕೆಳಗೆ ನಿಂತು ನೋಡಿ. ಉತ್ತರ ಕೋಲ್ಕತ್ತದ ಹಳೆಯ ಮನೆಗಳಲ್ಲಿ ತಾರಸಿಯಿಂದ ತಾರಸಿಗೆ ದಾಟುವುದು ಮಕ್ಕಳ ಆಟ. ಪೂಜೆ ಸಮಯದಲ್ಲಿ ಪೆಂಡಾಲಿನ ಬಿದಿರು ನಿಮ್ಮ ಬಾಲ್ಕನಿಗೆ ತಾಗಿದ್ದರೆ ಅದು ಏಣಿಯೇ ಸರಿ.

ಹಿಂಬದಿಯ ಕಿಟಕಿಯನ್ನು, ರಜೆಯ ದಿನವನ್ನು ಹಗುರವಾಗಿ ತೆಗೆದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಈ ರಾಜ್ಯದಲ್ಲೇ ದೊಡ್ಡ ಉದಾಹರಣೆ ಇದೆ. 2004ರ ಮಾರ್ಚ್ 25, ಗುರುವಾರ. ಶಾಂತಿನಿಕೇತನದಲ್ಲಿ ಬುಧವಾರ ವಾರದ ರಜೆ. ರಜೆ ಮುಗಿಸಿ ವಸ್ತುಸಂಗ್ರಹಾಲಯ ತೆರೆದಾಗ ರವೀಂದ್ರನಾಥ ಟಾಗೋರರ ನೊಬೆಲ್ ಪದಕವೇ ಇರಲಿಲ್ಲ. ಸಿಬಿಐ ತನಿಖೆ ಆಯಿತು, ಮೂಲ ಪದಕ ಸಿಗಲಿಲ್ಲ. ಸ್ವೀಡನ್ನಿನಿಂದ ಚಿನ್ನದ್ದೊಂದು, ಕಂಚಿನದ್ದೊಂದು ಪ್ರತಿಕೃತಿ ಬಂದವು. ನಮ್ಮ ಅತ್ತೆಯ ಸರಕ್ಕೆ ಪ್ರತಿಕೃತಿ ಕೊಡುವವರು ಯಾರೂ ಇಲ್ಲ. ಆದ್ದರಿಂದ ಒಡವೆ ಲಾಕರಿನಲ್ಲಿರಲಿ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ 2022ರ ಜನವರಿಯಿಂದ ಬ್ಯಾಂಕಿನಲ್ಲಿ ಕಳ್ಳತನವಾದರೆ ಬ್ಯಾಂಕಿನ ಹೊಣೆ ಲಾಕರಿನ ವಾರ್ಷಿಕ ಬಾಡಿಗೆಯ 100 ಪಟ್ಟು. ಪೂರ್ತಿ ಬೆಲೆಯಲ್ಲ, ಅದನ್ನೂ ತಿಳಿದಿರಿ.

ಬಾಡಿಗೆ ಮನೆಯವರು ಖರ್ಚು ಮಾಡುವ ಮೊದಲು ಕರಾರು ನೋಡಿ. ಬಾಗಿಲು, ಚೌಕಟ್ಟು, ಗ್ರಿಲ್ ಮಾಲೀಕರ ಆಸ್ತಿ. ಫೋಟೋ, ಎಫ್‌ಐಆರ್ ಪ್ರತಿ, ಮಿಸ್ತ್ರಿಯ ಅಂದಾಜು ಮೂರನ್ನೂ ಕಳಿಸಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ.

ಕೊನೆಯದಾಗಿ, ಮನಸ್ಸಿನ ವಿಷಯ

ಆ ಮನೆಯಲ್ಲಿ ಹೊಸ ಬಾಗಿಲು ಕೂರಿಸಲು 4 ದಿನ ಸಾಕಾಯಿತು. ಏಳು ವರ್ಷದ ಮಗ ರಾತ್ರಿ ಒಬ್ಬನೇ ನೀರು ಕುಡಿಯಲು ಅಡುಗೆಮನೆಗೆ ಹೋಗಲು 2 ತಿಂಗಳು ಹಿಡಿಯಿತು. ಮಲಗುವ ಮುಂಚೆ ಚಿಲಕ ಹಾಕುವ ಕೆಲಸವನ್ನು ಅವನಿಗೇ ಕೊಟ್ಟರು, ಅದರಿಂದ ಅನುಕೂಲವಾಯಿತು.

ಇನ್ನೊಂದು ವಿಷಯ ಹೇಳಲೇಬೇಕು. ಕಳ್ಳತನವಾದ ತಕ್ಷಣ ಬೆರಳು ಎರಡು ಕಡೆ ತಿರುಗುತ್ತದೆ. ಒಂದು ಮನೆಯೊಡತಿಯ ಕಡೆ: "ಊರಿಗೆ ಹೋಗುವುದನ್ನು ಯಾರ ಹತ್ತಿರ ಹೇಳಿದ್ದೆ?" ಇನ್ನೊಂದು ಕೆಲಸದ ಮಾಶಿಯ ಕಡೆ. ಅಲ್ಲೂ ಹಾಗೇ ಆಯಿತು. ಮಾಶಿಯನ್ನು ಬಿಡಿಸಿ ಎಂದು ಊರಿನಿಂದಲೂ ಹೇಳಿದರು, ಪಕ್ಕದವರೂ ಹೇಳಿದರು. ಆಕೆ 6 ವರ್ಷದಿಂದ ಕೆಲಸ ಮಾಡುತ್ತಿದ್ದವರು, ಕೀಲಿಯೂ ಆಕೆಯ ಬಳಿ ಇತ್ತು. ಮನೆಯೊಡತಿ ಕೇಳಿದ್ದು ಒಂದೇ ಪ್ರಶ್ನೆ: "ಕೀಲಿ ಇದ್ದವರು ಕೊಂಡಿ ಯಾಕೆ ಕೀಳುತ್ತಾರೆ?" ಪೊಲೀಸರು ಮಾಶಿಯನ್ನು ಪ್ರಶ್ನಿಸಿದಾಗ ಜೊತೆಯಲ್ಲೇ ಹೋಗಿ ಕೂತರು. ಸಾಕ್ಷ್ಯ ಇದ್ದರೆ ತನಿಖೆ ಆಗಲಿ. ಆದರೆ ಬಡವರು ಎಂಬುದೇ ಸಾಕ್ಷ್ಯವಲ್ಲ. ಒಮ್ಮೆ ಕಳ್ಳಿ ಎಂಬ ಹೆಸರು ಬಂದರೆ ಆ ಪಾಡಾದಲ್ಲಿ ಆಕೆಗೆ ಇನ್ನೊಂದು ಮನೆಯ ಕೆಲಸ ಸಿಗುವುದಿಲ್ಲ. ನಮ್ಮ ಬಾಗಿಲು ರಿಪೇರಿಯಾಗುತ್ತದೆ, ಆ ಹೆಸರು ಆಗುವುದಿಲ್ಲ. ಸರ ಇಂದಿನವರೆಗೂ ಸಿಕ್ಕಿಲ್ಲ. ಮಾಶಿ ಈಗಲೂ ಅದೇ ಮನೆಯಲ್ಲಿ ಕೆಲಸಕ್ಕೆ ಬರುತ್ತಾರೆ.

ವೇದಿಕೆಯ ಮುಂದೆ ನನ್ನದೊಂದು ಸಲಹೆ ಇದೆ. ನಮ್ಮ ಅಣ್ಣತಮ್ಮಂದಿರು, ಅತ್ತೆಮಾವಂದಿರು ಎಲ್ಲ ಒಂದೂವರೆ ದಿನದ ರೈಲು ಪ್ರಯಾಣದಷ್ಟು ದೂರ. ಇಲ್ಲಿ ನಮಗೆ ನಾವೇ ನೆಂಟರು. ಹತ್ತಿರ ಹತ್ತಿರ ಇರುವ ಐದೈದು ಮನೆಗಳ ಗುಂಪು ಮಾಡಿಕೊಳ್ಳೋಣ. ಒಬ್ಬರು ಊರಿಗೆ ಹೋದಾಗ ಇನ್ನೊಬ್ಬರು ದಿನಕ್ಕೊಮ್ಮೆ ಬಾಗಿಲು ನೋಡಿ ಬರುವುದು, ಬಾಗಿಲಲ್ಲಿ ಬಿದ್ದ ಪೇಪರ್ ತೆಗೆಯುವುದು, ಸಂಜೆ ಒಂದು ದೀಪ ಹಾಕುವುದು. ಒಂಟಿಯಾಗಿರುವ ಹಿರಿಯರನ್ನು ಕೋಲ್ಕತ್ತ ಪೊಲೀಸರ 'ಪ್ರಣಾಮ್' ಯೋಜನೆಗೆ ಸೇರಿಸಲು ನಾವು ಕಿರಿಯರು ನೆರವಾಗೋಣ. ಪ್ರತಿ ಗುಂಪಿನಲ್ಲೂ ಬಂಗಾಳಿ ಚೆನ್ನಾಗಿ ಬಲ್ಲವರು ಒಬ್ಬರಿರಲಿ.

ಇಂದು ಮನೆಗೆ ಹೋದ ಮೇಲೆ ನಿಮ್ಮ ಬಾಗಿಲ ಕೊಂಡಿಯ ಒಂದು ಸ್ಕ್ರೂ ಬಿಚ್ಚಿ ಎಷ್ಟು ಉದ್ದ ಇದೆ ನೋಡಿ. ಗುಂಪಿಗೆ ಸೇರಲು ಇಷ್ಟವಿರುವವರು ಚಹಾ ಸಮಯದಲ್ಲಿ ನನ್ನ ಹತ್ತಿರ ಹೆಸರು ಬರೆಸಿ.