ಆಪ್ತನಾರು?



ನ್ಯಾಯಶಾಸ್ತ್ರವು ಒಪ್ಪಿದ ಪ್ರಮಾಣಗಳಲ್ಲಿ ಶಬ್ದವೂ ಒಂದು. ಶಬ್ದವೆಂದರೆ ಆಪ್ತನ ಮಾತು. ಆಪ್ತನಾರು? ವಿಷಯವನ್ನು ಬಲ್ಲವನು, ಬಲ್ಲದ್ದನ್ನು ಇದ್ದಂತೆಯೇ ಹೇಳುವವನು. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಎಂಬುದು ಭಾಷ್ಯಕಾರನಾದ ವಾತ್ಸ್ಯಾಯನನ ಮತ. ಓದುವಾಗ ಸುಲಭವಾಗಿ ದಾಟಿಹೋಗುವ ಮಾತಿದು. ಇದನ್ನು ಮರೆತಲ್ಲಿ ಏನಾಗುತ್ತದೆಂಬುದಕ್ಕೆ ಅಮೆರಿಕದ ಒಂದು ಮನೆತನದ ವಂಶಾವಳಿಯನ್ನು ಹೇಳುತ್ತೇವೆ, ಕೇಳಿರಿ.

ಸ್ಯಾಲಿ ಹೆಮಿಂಗ್ಸ್ ಎಂಬವಳು 1773ರಲ್ಲಿ ವರ್ಜೀನಿಯಾದಲ್ಲಿ ಗುಲಾಮಳಾಗಿ ಹುಟ್ಟಿದಳು. ಅವಳ ಒಡೆಯನು ಆ ದೇಶದ ಮೂರನೆಯ ಅಧ್ಯಕ್ಷನಾದ ಥಾಮಸ್ ಜೆಫರ್ಸನ್. ಮಾನವರೆಲ್ಲ ಸಮಾನರಾಗಿ ಹುಟ್ಟಿದವರೆಂದು 1776ರಲ್ಲಿ ಬರೆದವನೂ ಅವನೇ! ತಾಯಿ ಗುಲಾಮಳಾದರೆ ಮಗುವೂ ಗುಲಾಮನೆಂದು ವರ್ಜೀನಿಯಾದಲ್ಲಿ 1662ರಲ್ಲಿಯೇ ಕಾಯಿದೆಯಾಗಿತ್ತು. ತಂದೆ ಯಾರೆಂದು ಕೇಳುವ ಗೊಡವೆಯೇ ಇಲ್ಲ. ಜೆಫರ್ಸನ್ನನ ಜಮೀನಿನ ಪುಸ್ತಕದಲ್ಲಿ ಸ್ಯಾಲಿಯ ಹೆಸರಿನ ಕೆಳಗೆ ಅವಳ ಮಕ್ಕಳ ಹೆಸರುಗಳಿವೆ, ತಂದೆಯ ಹೆಸರಿಲ್ಲ. ಇಷ್ಟಾದರೂ ಇವರ ಹೆಸರಾದರೂ ಉಳಿಯಿತು. 1850 ಮತ್ತು 1860ರ ಜನಗಣತಿಗಳಲ್ಲಿ ಗುಲಾಮರಿಗೆ ಸಾಮಾನ್ಯವಾಗಿ ಹೆಸರನ್ನೇ ಬರೆಯಲಿಲ್ಲ. ಒಡೆಯನ ಹೆಸರು, ಅದರ ಕೆಳಗೆ ವಯಸ್ಸು, ಲಿಂಗ, ಬಣ್ಣ, ಇಷ್ಟೇ. ಅಂಥವರ ಮೊಮ್ಮಕ್ಕಳು ಹಿರಿಯರನ್ನು ಹುಡುಕುತ್ತ 1870ರ ಗಣತಿಯವರೆಗೆ ಬಂದು ಗೋಡೆಗೆ ಹಾಯ್ದಂತೆ ನಿಲ್ಲುತ್ತಾರೆ.

ಸ್ಯಾಲಿಯ ಮಗ ಮ್ಯಾಡಿಸನ್ ಬಡಗಿ. ಜೆಫರ್ಸನ್ನನ ಮರಣಪತ್ರದಿಂದ ಬಿಡುಗಡೆ ಹೊಂದಿ ಓಹಿಯೊ ಪ್ರಾಂತದಲ್ಲಿ ನೆಲೆಸಿದನು. 1873ರಲ್ಲಿ ಅಲ್ಲಿಯ ಪತ್ರಿಕೆಯೊಂದಕ್ಕೆ ತನ್ನ ಚರಿತ್ರೆಯನ್ನು ಹೇಳಿದನು: ತಾಯಿ ಯಾರು, ಒಡಹುಟ್ಟಿದವರು ಯಾರು, ತಂದೆ ಜೆಫರ್ಸನ್ನನೇ ಎಂದು. ವಿದ್ವಾಂಸರು ನಂಬಲಿಲ್ಲ. ಯಾಕೆ? ಹೇಳಿದವನು ಗುಲಾಮನಾಗಿದ್ದವನು. ಜೆಫರ್ಸನ್ನನ ಮಗಳ ಮಕ್ಕಳನ್ನು ನಂಬಿದರು. ಅವರಲ್ಲಿ ಮೊಮ್ಮಗನು ಹೇಳಿದ್ದು, ಆ ಮಕ್ಕಳ ತಂದೆ ಜೆಫರ್ಸನ್ನನ ಸೋದರಳಿಯ ಪೀಟರ್ ಕಾರ್ ಎಂದು. ಮೊಮ್ಮಗಳು 1858ರ ಪತ್ರದಲ್ಲಿ ಬರೆದದ್ದು, ಪೀಟರನ ತಮ್ಮ ಸ್ಯಾಮುಯೆಲ್ ಎಂದು. ಸಾಕ್ಷಿಗಳಿಬ್ಬರು ಒಬ್ಬರಿಗೊಬ್ಬರು ವಿರುದ್ಧ, ಆದರೂ ಪ್ರಮಾಣ! ನ್ಯಾಯಶಾಸ್ತ್ರ ಬಲ್ಲ ಬಾಲಕನೂ ಇದನ್ನು ಒಪ್ಪಲಾರನು. 1997ರಲ್ಲಿ ಅನೆಟ್ ಗಾರ್ಡನ್-ರೀಡ್ ಎಂಬ ಕಾನೂನು ಪಂಡಿತೆಯು ಈ ಸಾಕ್ಷ್ಯಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿಟ್ಟು ತೂಗಿ ಗ್ರಂಥ ಬರೆದಳು.

ಮರುವರ್ಷವೇ, 1998ರಲ್ಲಿ, ರಕ್ತದ ಪರೀಕ್ಷೆಯಾಯಿತು. ತಂದೆಯಿಂದ ಮಗನಿಗೆ ಮಾತ್ರ ಇಳಿದು ಬರುವ ವೈ ವರ್ಣತಂತುವೆಂಬುದೊಂದು ಇದೆ. ಜೆಫರ್ಸನ್ನನ ಹೆಂಡತಿಯಲ್ಲಿ ಹುಟ್ಟಿದ ಗಂಡುಸಂತತಿ ಉಳಿಯಲಿಲ್ಲವಾದ ಕಾರಣ ಅವನ ದೊಡ್ಡಪ್ಪ ಫೀಲ್ಡನ ವಂಶದವರ ರಕ್ತವನ್ನು ತೆಗೆದುಕೊಂಡು, ಮ್ಯಾಡಿಸನ್ನನ ತಮ್ಮ ಎಸ್ಟನ್ನನ ವಂಶಜನ ರಕ್ತದೊಡನೆ ಹೋಲಿಸಿದರು. ಕೂಡಿತು. ಕಾರ್ ವಂಶದ ರಕ್ತ ಕೂಡಲಿಲ್ಲ.

ಇಲ್ಲಿ ಎಚ್ಚರವಿರಬೇಕು. ರಕ್ತವು ವಂಶವನ್ನು ಹೇಳಿತೇ ಹೊರತು ವ್ಯಕ್ತಿಯನ್ನು ಹೇಳಲಿಲ್ಲ. ಉಳಿದದ್ದು ಅನುಮಾನದ ಕೆಲಸ: ವರ್ಷದಲ್ಲಿ ಬಹುಕಾಲ ಪರಸ್ಥಳದಲ್ಲಿದ್ದ ಜೆಫರ್ಸನ್ನನು, ಸ್ಯಾಲಿ ಗರ್ಭವತಿಯಾದಾಗಲೆಲ್ಲ ಮನೆಯಲ್ಲಿದ್ದನು. ಅವನ ಮನೆಯನ್ನು ಕಾಪಾಡುವ ಪ್ರತಿಷ್ಠಾನವೇ 2000ದಲ್ಲಿ ಮ್ಯಾಡಿಸನ್ನನ ಮಾತಿನತ್ತ ವಾಲಿತು. ಒಪ್ಪದವರು ಕೆಲವರು ಈಗಲೂ ಉಂಟು.

ಎಸ್ಟನ್ನನು 1852ರ ಸುಮಾರಿಗೆ ವಿಸ್ಕಾನ್ಸಿನ್ ಪ್ರಾಂತಕ್ಕೆ ಹೋಗಿ, ಜೆಫರ್ಸನ್ ಎಂದು ಹೆಸರಿಟ್ಟುಕೊಂಡು ಬಿಳಿಯರಲ್ಲಿ ಬೆರೆತನು. ತಾಯಿಯ ಹೆಸರನ್ನು ಬಿಟ್ಟರೆ ಮಕ್ಕಳು ಬದುಕಿಕೊಳ್ಳುವ ಕಾಲವದು. ಅವನನ್ನು ದೂಷಿಸಲು ನಮಗೆ ನಾಲಿಗೆ ಬಾರದು. ಮ್ಯಾಡಿಸನ್ನನ ಮನೆಯವರು ಮಾತ್ರ ಕಥೆಯನ್ನು ಬಾಯಿಂದ ಬಾಯಿಗೆ ಕಾಪಾಡಿಕೊಂಡು ಬಂದರು. ಅವರಲ್ಲಿ ಗಂಡುಸಂತತಿಯ ಎಳೆ ಕಡಿದಿದೆ. ಮ್ಯಾಡಿಸನ್ನನ ಮಗ ವಿಲಿಯಂ ಕ್ಯಾನ್ಸಸ್‌ನ ಸೈನಿಕರ ಶ್ಮಶಾನದಲ್ಲಿ ಮಲಗಿದ್ದಾನೆ. ಅವನ ಗೋರಿ ತೆಗೆದು ಅಸ್ಥಿಯನ್ನು ಪರೀಕ್ಷಿಸೋಣವೆಂಬ ಮಾತು ಬಂದಾಗ ಮನೆಯವರು ಒಪ್ಪಲಿಲ್ಲ.