ಫ್ಲಾರೆನ್ಸಿನ ಒಂದು ವಿದ್ಯಾಮಂದಿರ



ವಿದ್ವಾಂಸರೊಬ್ಬರು ತಾವು ಬಾಳಿದ ಮನೆಯನ್ನೂ ಕೂಡಿಸಿದ ಗ್ರಂಥಗಳನ್ನೂ ಲೋಕಕ್ಕೆ ಬಿಟ್ಟುಹೋಗುವುದು ಅಪೂರ್ವವಾದ ಸಂಗತಿಯೇನಲ್ಲ. ಅಂಥ ದಾನಿಗಳು ಎಲ್ಲ ದೇಶಗಳಲ್ಲಿಯೂ ಉಂಟು. ಆದರೆ ಆ ದಾನದ ಜೊತೆಯಲ್ಲಿ, ತಮ್ಮ ತಪ್ಪುಗಳನ್ನು ಕಂಡುಹಿಡಿಯಲು ಬೇಕಾದ ಸಾಧನಗಳನ್ನೂ ಮುಂದಿನವರ ಕೈಗೆ ಒಪ್ಪಿಸಿ ಹೋಗುವವರು ವಿರಳ. ಈ ಹೊತ್ತು ನಾನು ಹೇಳಬೇಕೆಂದಿರುವುದು ಅಂಥ ಒಂದು ಮನೆಯ ವೃತ್ತಾಂತ.

ಇಟಲಿ ದೇಶದ ಫ್ಲಾರೆನ್ಸ್ ನಗರದ ಅಂಚಿನಲ್ಲಿ, ಸೆತ್ತಿನ್ಯಾನೋ ಎಂಬ ಊರಿನ ಬಳಿಯ ಗುಡ್ಡದ ಇಳಿಜಾರಿನಲ್ಲಿ, ಆಲಿವ್ ತೋಪುಗಳ ನಡುವೆ ಈ ಮನೆಯಿದೆ. ಇದರ ಹೆಸರು ವಿಲ್ಲಾ ಇ ತಾತ್ತಿ. ಇಟಲಿಯ ಪುನರುಜ್ಜೀವನ ಕಾಲದ ಚರಿತ್ರೆ, ಕಲೆ, ಸಾಹಿತ್ಯ, ಸಂಗೀತ ಇವುಗಳ ವ್ಯಾಸಂಗಕ್ಕೆ ಮೀಸಲಾಗಿ, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯವು ೧೯೬೧ರಿಂದ ಇಲ್ಲಿ ಒಂದು ಸಂಶೋಧನ ಕೇಂದ್ರವನ್ನು ನಡೆಸುತ್ತಿದೆ. ಮನೆಯನ್ನು ಬಿಟ್ಟುಹೋದವರು ಬರ್ನಾರ್ಡ್ ಬೆರೆನ್ಸನ್ನರು.

ಬೆರೆನ್ಸನ್ನರು ೧೮೬೫ರಲ್ಲಿ ಲಿಥುವೇನಿಯದ ಒಂದು ಯಹೂದಿ ಕುಟುಂಬದಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗಲೇ ಅವರ ಕುಟುಂಬವು ಅಮೆರಿಕದ ಬಾಸ್ಟನ್ ನಗರಕ್ಕೆ ವಲಸೆಹೋಯಿತು. ೧೮೮೭ರಲ್ಲಿ ಹಾರ್ವರ್ಡಿನಲ್ಲಿ ಪದವಿ ಪಡೆದು ಯೂರೋಪಿಗೆ ಬಂದವರು ಇಟಲಿಯ ಚಿತ್ರಕಲೆಗೆ ಮನಸೋತು ಅಲ್ಲಿಯೇ ನೆಲೆಸಿದರು. ಇಟಲಿಯ ಗುಡಿಗಳಲ್ಲಿಯೂ ಮನೆತನಗಳಲ್ಲಿಯೂ ಆಗ ಬರೆದವರ ಹೆಸರೇ ತಿಳಿಯದ ಚಿತ್ರಗಳು ಲೆಕ್ಕವಿಲ್ಲದಷ್ಟಿದ್ದವು. ಕಿವಿಯ ಆಕಾರ, ಬೆರಳಿನ ಬಾಗು, ಉಡುಗೆಯ ಮಡಿಕೆ ಮುಂತಾದ ಸಣ್ಣ ಸಣ್ಣ ಲಕ್ಷಣಗಳನ್ನು ಹೋಲಿಸಿ, ಇದು ಇಂಥವರ ಕೈಬರಹವೆಂದು ನಿರ್ಣಯಿಸುವುದರಲ್ಲಿ ಅವರು ಅಸಾಧಾರಣ ಪರಿಣತಿಯನ್ನು ಪಡೆದರು. ೧೯೦೦ರಲ್ಲಿ ಮದುವೆಯಾಗಿ ಪತ್ನಿ ಮೇರಿಯವರೊಡನೆ ಈ ಮನೆಗೆ ಬಾಡಿಗೆಗೆ ಬಂದರು. ೧೯೦೭ರಲ್ಲಿ ಅದನ್ನು ಕೊಂಡುಕೊಂಡರು.

ಇಷ್ಟು ದೊಡ್ಡ ಮನೆ, ತೋಟ, ಪುಸ್ತಕಶಾಲೆ ಇವಕ್ಕೆಲ್ಲ ಹಣ ಎಲ್ಲಿಂದ ಬಂದಿತು? ಇದಕ್ಕೆ ಉತ್ತರವು ಸಂಪೂರ್ಣವಾಗಿ ಹಿತವಾದುದಲ್ಲ. ಅಮೆರಿಕದ ಕೋಟ್ಯಧೀಶರು ಇಟಲಿಯ ಹಳೆಯ ಚಿತ್ರಗಳನ್ನು ಕೊಳ್ಳಲು ಹಾತೊರೆಯುತ್ತಿದ್ದ ಕಾಲವದು. ಬೆರೆನ್ಸನ್ನರು ಒಂದು ಮಾತು ಹೇಳಿದರೆ ಚಿತ್ರದ ಬೆಲೆ ಹಲವು ಮಡಿ ಏರುತ್ತಿತ್ತು. ೧೯೧೨ರಲ್ಲಿ ಅವರು ಜೋಸೆಫ್ ಡುವೀನ್ ಎಂಬ ಚಿತ್ರವ್ಯಾಪಾರಿಯೊಡನೆ ಗುಟ್ಟಾಗಿ ಒಪ್ಪಂದ ಮಾಡಿಕೊಂಡರು. ಮಾರಾಟದ ಲಾಭದಲ್ಲಿ ಅವರಿಗೂ ಪಾಲು ಬರತೊಡಗಿತು. ನ್ಯಾಯಾಧಿಪತಿಗೇ ವ್ಯಾಜ್ಯದಲ್ಲಿ ಪಾಲಿದ್ದರೆ ತೀರ್ಪಿನ ಗತಿಯೇನು? ಈ ಪ್ರಶ್ನೆಯನ್ನು ಮುಚ್ಚಿಟ್ಟು ಆ ಮನೆಯನ್ನು ಹೊಗಳುವುದು ನ್ಯಾಯವಾಗಲಾರದು.

ಆದರೆ ಅದೇ ಹಣದಿಂದ ಬೆಳೆದ ಇನ್ನೊಂದು ವಸ್ತುವನ್ನೂ ನಾವು ನೋಡಬೇಕು. ಒಂದು ಚಿತ್ರವು ಲಂಡನ್ನಿನಲ್ಲಿ, ಅದರ ಜೊತೆಯದು ಪ್ಯಾರಿಸ್ಸಿನಲ್ಲಿ ಇರುವಾಗ ಎರಡನ್ನೂ ಹೋಲಿಸುವುದು ಹೇಗೆ? ಇದಕ್ಕಾಗಿ ಬೆರೆನ್ಸನ್ನರು ಜೀವಮಾನವೆಲ್ಲ ಛಾಯಾಚಿತ್ರಗಳನ್ನು ಶೇಖರಿಸಿದರು. ಅವುಗಳ ಬೆನ್ನಮೇಲೆ ತಮ್ಮ ಅಭಿಪ್ರಾಯಗಳನ್ನು ಬರೆದಿಟ್ಟರು. ಇಂದು ಆ ಭಂಡಾರದಲ್ಲಿ ಸುಮಾರು ಎರಡೂವರೆ ಲಕ್ಷ ಛಾಯಾಚಿತ್ರಗಳಿವೆ. ಇವುಗಳಲ್ಲಿ ಒಂದು ವರ್ಗಕ್ಕೆ ಅವರು 'ನೆಲೆಯಿಲ್ಲದವು' ಎಂದು ಹೆಸರಿಟ್ಟಿದ್ದರು. ಛಾಯಾಚಿತ್ರ ಮಾತ್ರ ಉಳಿದು, ಮೂಲಚಿತ್ರವು ಯಾರ ಕೈಯಲ್ಲಿದೆಯೆಂಬುದು ತಿಳಿಯದೆ ಹೋದವು ಇವು. ಹರಾಜಿನಲ್ಲಿ ಕಣ್ಮರೆಯಾದವು ಎಷ್ಟೋ, ಯುದ್ಧದಲ್ಲಿ ಸುಟ್ಟುಹೋದವು ಎಷ್ಟೋ! ಈ ಸಂಗ್ರಹವನ್ನು ಕೇಂದ್ರದವರು ಈಗ ಎಲ್ಲರೂ ನೋಡುವಂತೆ ಪ್ರಕಟಪಡಿಸಿದ್ದಾರೆ. ಯಾರಾದರೂ ಗುರುತಿಸಿದರೆ, ನೆಲೆಗೆಟ್ಟ ಚಿತ್ರಕ್ಕೆ ಮತ್ತೆ ವಿಳಾಸ ದೊರೆಯುತ್ತದೆ.

ಒಮ್ಮೆ ಅವರೂ ನೆಲೆಗೆಟ್ಟವರಾದರು. ೧೯೪೩ರ ಸೆಪ್ಟೆಂಬರಿನಲ್ಲಿ ಜರ್ಮನ್ ಸೈನ್ಯವು ಇಟಲಿಯನ್ನು ಆಕ್ರಮಿಸಿದಾಗ, ಎಪ್ಪತ್ತೆಂಟು ವರ್ಷದ ಈ ಯಹೂದಿ ವೃದ್ಧರನ್ನು ಫ್ಲಾರೆನ್ಸಿನ ಬಳಿ ರಾಯಭಾರಿಯೊಬ್ಬರ ಮನೆಯಲ್ಲಿ ಸುಮಾರು ಒಂದು ವರ್ಷ ಬಚ್ಚಿಡಬೇಕಾಯಿತು. ಅವರ ಚಿತ್ರಗಳನ್ನೂ ಪುಸ್ತಕಗಳನ್ನೂ ಸ್ನೇಹಿತರು ಅಲ್ಲಲ್ಲಿ ಅಡಗಿಸಿಟ್ಟರು. ೧೯೪೪ರ ಆಗಸ್ಟಿನಲ್ಲಿ ಜರ್ಮನರು ಆರ್ನೋ ನದಿಯ ಸೇತುವೆಗಳನ್ನು ಸಿಡಿಸಿದಾಗ ಹತ್ತಿರದ ಬೀದಿಗಳೂ ಬಿದ್ದುಹೋಗಿ, ಅಲ್ಲಿದ್ದ ಕೆಲವು ಚಿತ್ರಗಳು ಹಾನಿಗೊಂಡವು. ಮನೆ ಮಾತ್ರ ಉಳಿಯಿತು.

ಈ ಮನೆಯನ್ನು ತಾವು ಕಲಿತ ವಿಶ್ವವಿದ್ಯಾನಿಲಯಕ್ಕೆ ಕೊಡಬೇಕೆಂಬುದು ಅವರ ಬಹುಕಾಲದ ಹಂಬಲ. ವೆಚ್ಚವನ್ನು ನೆನೆದು ಹಾರ್ವರ್ಡಿನವರು ಹಿಂಜರಿದದ್ದೂ ಉಂಟು. ೧೯೫೯ರಲ್ಲಿ ಬೆರೆನ್ಸನ್ನರು ತೀರಿಕೊಂಡರು. ಎರಡು ವರ್ಷಗಳಲ್ಲಿ ಕೇಂದ್ರವು ತೆರೆಯಿತು. ಅವರು ಬಯಸಿದ್ದು ಪಾಠಶಾಲೆಯನ್ನಲ್ಲ, ಪರೀಕ್ಷೆಗಳನ್ನೂ ಅಲ್ಲ. ತರುಣ ವಿದ್ವಾಂಸರಿಗೆ ಅವಸರವಿಲ್ಲದ ವಿರಾಮವನ್ನು. ಅದರಂತೆ ಪ್ರತಿವರ್ಷವೂ ಹಲವು ದೇಶಗಳಿಂದ ಸುಮಾರು ೧೫ ಮಂದಿ ಬಂದು ಒಂದು ವಿದ್ಯಾವರ್ಷ ತಮ್ಮ ತಮ್ಮ ಕೆಲಸದಲ್ಲಿ ತೊಡಗಿರುತ್ತಾರೆ. ಮಧ್ಯಾಹ್ನ ಎಲ್ಲರೂ ಒಂದೇ ಕಡೆ ಕುಳಿತು ಊಟಮಾಡುವುದು ಅಲ್ಲಿಯ ಸಂಪ್ರದಾಯ. ಸಂಗೀತದ ಚರಿತ್ರೆಯನ್ನು ಬರೆಯುವವನೂ ಬ್ಯಾಂಕುಗಳ ಹಳೆಯ ಲೆಕ್ಕವನ್ನು ಓದುವವನೂ ಅಕ್ಕಪಕ್ಕದಲ್ಲಿ ಕುಳಿತಾಗ, ಒಬ್ಬನ ಒಗಟಿಗೆ ಇನ್ನೊಬ್ಬನ ಮಾತಿನಲ್ಲಿ ಉತ್ತರ ಸಿಕ್ಕೀತು.

ವಿರಾಮದ ಫಲಕ್ಕೆ ಒಂದು ನಿದರ್ಶನವನ್ನು ಹೇಳುತ್ತೇನೆ. ಸಿಯೆನದ ಸಸ್ಸೆತ್ತ ಎಂಬ ಚಿತ್ರಕಾರನು ೧೪೪೪ರಲ್ಲಿ ಬೋರ್ಗೋ ಸಾನ್ ಸೆಪೋಲ್ಕ್ರೋ ಎಂಬ ಊರಿನ ಗುಡಿಗೆ ಎರಡು ಮುಖಗಳುಳ್ಳ ದೊಡ್ಡ ಚಿತ್ರಫಲಕವನ್ನು ಬರೆದು ಮುಗಿಸಿದ್ದನು. ಮುಂದೆ ಅದನ್ನು ಬಿಚ್ಚಿಹಾಕಿದ್ದರಿಂದ ಅದರ ಹಲಗೆಗಳು ಲಂಡನ್, ಪ್ಯಾರಿಸ್, ಶಾಂತಿಯ್ಯಿಗಳಿಗೆ ಚದುರಿಹೋದವು. ಹಿಂಬದಿಯ ನಡುವಣ ಸಂತ ಫ್ರಾನ್ಸಿಸನ ಹಲಗೆ ಇ ತಾತ್ತಿಗೆ ಬಂದಿತು. ಅನೇಕ ವಿದ್ವಾಂಸರು ಕೂಡಿ, ಮರವನ್ನೂ ಬಣ್ಣವನ್ನೂ ದಾಖಲೆಗಳನ್ನೂ ಪರೀಕ್ಷಿಸಿ, ಆ ಫಲಕವು ಮೊದಲು ಹೇಗಿತ್ತೆಂಬುದನ್ನು ಮತ್ತೆ ಕಟ್ಟಿ ತೋರಿಸುವ ಎರಡು ಸಂಪುಟಗಳು ೧೯೦೦ರ ಸುಮಾರಿನ ಆ ಖರೀದಿಗೆ ಒಂದು ಶತಮಾನ ಕಳೆದ ಮೇಲೆ, ೨೦೦೯ರಲ್ಲಿ ಹೊರಬಂದವು.

ಆ ಗ್ರಂಥಮಾಲೆಗಳಲ್ಲಿ ನಮಗೂ ಸಂಬಂಧಿಸಿದ ಒಂದು ಮಾತುಂಟು. ಇಟಲಿಯ ಪುನರುಜ್ಜೀವನ ಕಾಲದ ಲ್ಯಾಟಿನ್ ಗ್ರಂಥಗಳನ್ನು ಎದುರು ಪುಟದಲ್ಲಿ ಇಂಗ್ಲಿಷ್ ಅನುವಾದದೊಡನೆ ಅಚ್ಚುಹಾಕುವ 'ಇ ತಾತ್ತಿ' ಮಾಲೆಯು ೨೦೦೧ರಲ್ಲಿ ಹಾರ್ವರ್ಡ್ ಮುದ್ರಣಾಲಯದಿಂದ ಆರಂಭವಾಯಿತು. ಅದೇ ಮುದ್ರಣಾಲಯವು ೨೦೧೫ರಿಂದ ಭಾರತದ ಪ್ರಾಚೀನ ಕೃತಿಗಳಿಗಾಗಿ 'ಮೂರ್ತಿ' ಮಾಲೆಯನ್ನು ಇದೇ ಕ್ರಮದಲ್ಲಿ ಹೊರತರುತ್ತಿದೆ. ಅದರಲ್ಲಿ ೨೦೧೭ರಲ್ಲಿ ರಾಘವಾಂಕನ ಹರಿಶ್ಚಂದ್ರಕಾವ್ಯವು ಕನ್ನಡ ಲಿಪಿಯಲ್ಲಿಯೇ, ಅನುವಾದದೊಡನೆ ಅಚ್ಚಾಯಿತು.

ಕೊನೆಗೆ, ಮೊದಲು ಎತ್ತಿದ ಮಾತಿಗೆ ಬರೋಣ. ೧೮೯೯ರಲ್ಲಿ ಬೆರೆನ್ಸನ್ನರು ಹೆಸರು ತಿಳಿಯದ ಒಂದಷ್ಟು ಚಿತ್ರಗಳನ್ನು ಒಟ್ಟುಗೂಡಿಸಿ, ಅವೆಲ್ಲ ಬೊತ್ತಿಚೆಲ್ಲಿಗೆ ಆಪ್ತನಾದ ಒಬ್ಬನೇ ಚಿತ್ರಕಾರನವೆಂದು ಸಾಧಿಸಿ, ಅವನಿಗೆ 'ಸಾಂದ್ರೋವಿನ ಗೆಳೆಯ' ಎಂದು ನಾಮಕರಣ ಮಾಡಿದ್ದರು. ಅಂಥ ಮನುಷ್ಯನೇ ಇರಲಿಲ್ಲ! ಆ ಚಿತ್ರಗಳಲ್ಲಿ ಹಲವು ತರುಣ ಫಿಲಿಪ್ಪಿನೋ ಲಿಪ್ಪಿಯವು. ಮುಂದೆ ಬೆರೆನ್ಸನ್ನರು ತಾವೇ ಆ ಗೆಳೆಯನನ್ನು ಕೈಬಿಟ್ಟರು. ಅವರ ಇತರ ನಿರ್ಣಯಗಳು, ಲಾಭದ ನೆರಳು ಬಿದ್ದವು ಸಹ, ಇಂದು ಅವರ ಮನೆಯಲ್ಲಿಯೇ, ಅವರ ಛಾಯಾಚಿತ್ರಗಳನ್ನೇ ಮುಂದಿಟ್ಟುಕೊಂಡು, ಅವರ ಪತ್ರಗಳನ್ನೇ ಓದಿ ಮರುವಿಚಾರಣೆಗೆ ಒಳಗಾಗುತ್ತಿವೆ. ಶಿಷ್ಯನಿಂದ ಸೋಲನ್ನು ಬಯಸುವವನೇ ಗುರುವೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಕಲ್ಲಿನ ಮೇಲೆ ದಾತೃವಿನ ಹೆಸರನ್ನು ಕೊರೆಸುವುದು ಸುಲಭ. ದಾತೃವಿನ ಮಾತನ್ನೇ ತಿದ್ದುವ ಸ್ವಾತಂತ್ರ್ಯವನ್ನು ಕೊಡುವ ಸಂಸ್ಥೆಯನ್ನು ಕಟ್ಟುವುದು ಕಷ್ಟ. ವಿದ್ಯೆಗೆ ಬೇಕಾದುದು ಅದೇ.