ಬಾಲನಟನ ಕೈಗೆ ಬಂದ ಲೇಖನಿ



ವಡೋದರದ ಪಕ್ಕದ ಕೊಯಾಲಿ ಎಂದರೆ ತೈಲ ಶುದ್ಧೀಕರಣಾಗಾರದ ಊರು. ಅಂಥ ಊರಿನ ಕನ್ನಡ ಮನೆಯ ಮಗು ಹೊಸಿಲು ದಾಟಿದರೆ ಕೇಳುವುದು ಗುಜರಾತಿ, ಹಿಂದಿ. ಅಪ್ಪ ಅಮ್ಮನ ಮಾತು ಬಿಟ್ಟರೆ ಅದರ ಕಿವಿಗೆ ಬೀಳುವ ಕನ್ನಡ ಹೆಚ್ಚಾಗಿ ಟಿ.ವಿ. ಧಾರಾವಾಹಿಯದು. ಆ ಕನ್ನಡವನ್ನು ಬರೆಯುವವರು ಯಾರು?

ಅವರಲ್ಲೊಬ್ಬರು ಬಿ. ಸುರೇಶ. 1962ರಲ್ಲಿ ಹುಟ್ಟಿದ ಇವರ ತಾಯಿ ಲೇಖಕಿ, ಪತ್ರಕರ್ತೆ ಡಾ. ವಿಜಯಾ, ಅವರ ಆತ್ಮಕಥೆ 'ಕುದಿ ಎಸರು' 2019ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' (1977) ಚಿತ್ರದಲ್ಲಿ ಸುರೇಶ ಎಳೆಯ ನಟ. ಆ ಚಿತ್ರಕ್ಕೆ ಸ್ವರ್ಣಕಮಲ ಬಂತು.

ಬಾಲನಟರ ಬದುಕು ಸುಲಭವಲ್ಲ. ದನಿ ಒಡೆದು ಮೀಸೆ ಮೂಡಿದರೆ ಪಾತ್ರ ಮುಗಿಯಿತು. 'ಮಾಲ್ಗುಡಿ ಡೇಸ್'ನ ಸ್ವಾಮಿ, ಮಾಸ್ಟರ್ ಮಂಜುನಾಥ್, ದೊಡ್ಡವರಾದ ಮೇಲೆ ಬೇರೆ ವೃತ್ತಿ ಹಿಡಿದರು. ಸುರೇಶ ನಾಟಕದ ಜೊತೆಗೇ ಬರವಣಿಗೆಗೆ ಕೈಹಾಕಿದರು. 'ಸಾಧನೆ', 'ನಾಕುತಂತಿ'ಯಂಥ ಧಾರಾವಾಹಿಗಳನ್ನು ಕೊಟ್ಟರು. ಅವರು ನಿರ್ದೇಶಿಸಿದ 'ಪುಟ್ಟಕ್ಕನ ಹೈವೇ' 2010ರ ಸಾಲಿನ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಸಂಭಾಷಣೆ ಬರೆಯುವವನು ಅದನ್ನು ಬಾಯಲ್ಲಿ ಆಡಿ ನೋಡಿರಬೇಕು. ನಟನಾಗಿದ್ದವನಿಗೆ ಅದು ಕಲಿತೇ ಬಂದ ವಿದ್ಯೆ.

ಟಿ.ವಿ.ಗೂ ಗುಜರಾತಿಗೂ ಹಳೆಯ ನಂಟಿದೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ 'ಸೈಟ್' ಪ್ರಯೋಗದಲ್ಲಿ ಅಹಮದಾಬಾದಿನ ಭೂಕೇಂದ್ರದಿಂದ ಉಪಗ್ರಹಕ್ಕೆ ಕಾರ್ಯಕ್ರಮಗಳು ಏರುತ್ತಿದ್ದವು. ಅವು ಇಳಿದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಕರ್ನಾಟಕದವೂ ಇದ್ದವು. ಬೆಂಗಳೂರು ದೂರದರ್ಶನ ಶುರುವಾದದ್ದು 1981ರಲ್ಲಿ.

ಈಗ ಬೇರೆ ಭಾಷೆಯ ಧಾರಾವಾಹಿಗಳು ಕನ್ನಡಕ್ಕೆ ಡಬ್ ಆಗಿ ಬರುತ್ತಿವೆ. ಇದನ್ನು ಗಟ್ಟಿಯಾಗಿ ವಿರೋಧಿಸಿದವರಲ್ಲಿ ಸುರೇಶರೂ ಒಬ್ಬರು. ಡಬ್ಬಿಂಗ್ ತಡೆದ ಸಂಘಟನೆಗಳ ವಿರುದ್ಧ 2015ರಲ್ಲಿ ಸ್ಪರ್ಧಾ ಆಯೋಗ ತೀರ್ಪು ಕೊಟ್ಟಿತು. ನೋಡುಗರ ಆಯ್ಕೆ ದೊಡ್ಡದು, ಒಪ್ಪೋಣ. ಆದರೆ ಇನ್ನೊಂದು ಭಾಷೆಯ ತುಟಿಗೆ ಹೊಂದಿಸಿದ ಮಾತಿನಲ್ಲಿ ದಾವಣಗೆರೆಯ ಒಗ್ಗರಣೆ, ಧಾರವಾಡದ ಗತ್ತು ಉಳಿಯುವುದು ಕಷ್ಟ. ಊರಲ್ಲಿರುವವರಿಗೆ ಬೀದಿಯಲ್ಲಾದರೂ ಅದು ಸಿಕ್ಕೀತು. ಕೊಯಾಲಿಯ ಮಗುವಿಗೆ ಎಲ್ಲಿ ಸಿಗಬೇಕು?

ಆದ್ದರಿಂದ ಒಂದು ಮಾತು. ಇವತ್ತು ರಾತ್ರಿ ಧಾರಾವಾಹಿ ಮುಗಿದ ಮೇಲೆ ಪರದೆಯಲ್ಲಿ ಓಡುವ ಹೆಸರುಗಳಲ್ಲಿ 'ಸಂಭಾಷಣೆ' ಎಂಬ ಸಾಲನ್ನು ಮಕ್ಕಳಿಂದ ಓದಿಸಿ. ಅವರಿಗೆ ಕನ್ನಡ ಓದಲು ಬಾರದಿದ್ದರೆ, ಆ ಒಂದು ಪದದಿಂದಲೇ ಅಕ್ಷರಾಭ್ಯಾಸ ಆರಂಭಿಸಿ.